ಕ್ಲಿಕ್ ತಿರುಗಿಸುವ ಮುನ್ನ

ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಗುರಿ ಎಂದರೆ ಅರ್ಧ ಮಿಲಿಮೀಟರಿನ ಒಂದು ಚುಕ್ಕೆ. ಅದಕ್ಕೆ ಬಡಿಯುವ ಪೆಲೆಟ್ಟಿನ ಅಗಲವೇ 4.5 ಮಿ.ಮೀ. ಒಂದು ವಲಯದಿಂದ ಮುಂದಿನ ವಲಯಕ್ಕೆ ಎರಡೂವರೆ ಮಿ.ಮೀ. ಅಂತರ. ಇಲ್ಲಿ ರೈಫಲ್ಲಿಗೆ ದುರ್ಬೀನು ಕೂರಿಸುವಂತಿಲ್ಲ. ಕಣ್ಣಿನ ಹತ್ತಿರ ಡಯಾಪ್ಟರ್ ಎಂಬ ಪುಟ್ಟ ರಂಧ್ರದ ಸೈಟ್, ನಳಿಕೆಯ ತುದಿಯಲ್ಲೊಂದು ಉಂಗುರ, ಅದರಾಚೆ ಕಪ್ಪು ಗುರಿ. ಮೂರೂ ಒಂದರೊಳಗೊಂದು ಸಮನಾಗಿ ಕೂತ ಕ್ಷಣದಲ್ಲಿ ಬಿಟ್ಟ ಪೆಲೆಟ್ ನಟ್ಟನಡುವೆ ಬೀಳುವಂತೆ ಸೈಟನ್ನು ಹೊಂದಿಸುವುದಕ್ಕೆ ಶೂಟರ್‌ಗಳು ಝೀರೋ ಮಾಡುವುದು ಎನ್ನುತ್ತಾರೆ.

ಎರಡು ಸೈಟ್‌ಗಳ ನಡುವೆ ಸುಮಾರು 80 ಸೆಂ.ಮೀ. ಇದೆ ಎಂದುಕೊಳ್ಳಿ. ಡಯಾಪ್ಟರ್ ಒಂದೇ ಒಂದು ಮಿ.ಮೀ. ಸರಿದರೆ ಗುರಿಯಲ್ಲಿ ಪೆಲೆಟ್ ಹನ್ನೆರಡೂವರೆ ಮಿ.ಮೀ., ಅಂದರೆ ಐದು ವಲಯ, ಆಚೆ ಹೋಗುತ್ತದೆ. ಅದಕ್ಕೇ ಸೈಟಿನ ತಿರುಪು ಕ್ಲಿಕ್ ಕ್ಲಿಕ್ ಎಂದು ಕೂದಲೆಳೆಯಷ್ಟೇ ಸರಿಯುತ್ತದೆ. ಪೆಲೆಟ್ ಎಡಕ್ಕೆ ಬಿದ್ದರೆ ಹಿಂದಿನ ಸೈಟು ಬಲಕ್ಕೆ, ಕೆಳಗೆ ಬಿದ್ದರೆ ಮೇಲಕ್ಕೆ.

ಲೆಕ್ಕ ಇಷ್ಟೇ. ಕಷ್ಟವಿರುವುದು ಕೈ ಕಟ್ಟಿಕೊಂಡಿರುವುದರಲ್ಲಿ. ಹೊಸ ಸೈಟ್ ಹಾಕಿದವರು ಮೊದಲ ಪೆಲೆಟ್ ಎಂಟಕ್ಕೆ ಬಿದ್ದೊಡನೆ ತಿರುಪಿಗೆ ಕೈಹಾಕುತ್ತಾರೆ. ಆದರೆ ಒಂದು ಹೊಡೆತದಲ್ಲಿ ಉಸಿರು, ಟ್ರಿಗರ್ ಎಳೆದ ಬೆರಳು, ನಿಂತ ಭಂಗಿ ಎಲ್ಲವೂ ಸೇರಿರುತ್ತವೆ. ಸೈಟಿನ ಪಾಲು ಅದರಲ್ಲಿ ಎಷ್ಟೆಂದು ಹೇಳಲಾಗದು. ಐದಾರು ಪೆಲೆಟ್ ಹೊಡೆದು, ಅವು ಒಟ್ಟಾಗಿ ಎಲ್ಲಿ ಗುಂಪುಗೂಡಿವೆ ಎಂದು ನೋಡಬೇಕು. ಗ್ರೂಪ್ ಚದುರಿದ್ದರೆ ಯಾವ ಕ್ಲಿಕ್ಕೂ ಅದನ್ನು ಕೂಡಿಸಲಾರದು. ಗ್ರೂಪ್ ಬಿಗಿಯಾಗಿದ್ದು ಪಕ್ಕಕ್ಕೆ ಸರಿದಿದ್ದರೆ ಮಾತ್ರ ತಿರುಪಿನ ಕೆಲಸ. ಇದನ್ನು ಮೊದಲ ದಿನವೇ ಕಲಿಸುವ ತರಬೇತುದಾರರ ಬಗ್ಗೆ ನನಗೆ ವಿಶೇಷ ಗೌರವ.

ಹೊಸ ಸೈಟಿಗೆ ಇನ್ನೊಂದು ಪರೀಕ್ಷೆ ಇದೆ. ಗ್ರೂಪ್ ಹೊಡೆದು, ಇಪ್ಪತ್ತು ಕ್ಲಿಕ್ ಬಲಕ್ಕೆ ತಿರುಗಿಸಿ ಮತ್ತೆ ಹೊಡೆಯುವುದು. ಹಾಗೆಯೇ ಇಪ್ಪತ್ತು ಮೇಲಕ್ಕೆ, ಇಪ್ಪತ್ತು ಎಡಕ್ಕೆ, ಇಪ್ಪತ್ತು ಕೆಳಕ್ಕೆ. ಚೌಕ ಸುತ್ತಿ ಬಂದ ಕೊನೆಯ ಗ್ರೂಪ್ ಮೊದಲಿನದರ ಮೇಲೆಯೇ ಕೂರಬೇಕು. ಕೂರದಿದ್ದರೆ ತಿರುಪಿನೊಳಗೆ ಸಡಿಲವಿದೆ, ಅಥವಾ ಸೈಟನ್ನು ರೈಫಲ್ಲಿಗೆ ಬಿಗಿದ ಸ್ಕ್ರೂ ಜಾರುತ್ತಿದೆ. ದುರ್ಬೀನಿಗೂ ಇದೇ ಪರೀಕ್ಷೆ, 0.1 ಮಿಲಿರೇಡಿಯನ್ ಕ್ಲಿಕ್ಕಿನದಾದರೆ ನೂರು ಮೀಟರಿನಲ್ಲಿ ಒಂದು ಕ್ಲಿಕ್ಕಿಗೆ ಒಂದು ಸೆಂ.ಮೀ. ಸರಿಯಬೇಕು.

ಇನ್ನು ಬಿಡಿಭಾಗಗಳು. ಕೆನ್ನೆಪಟ್ಟಿಯ ಎತ್ತರ ಬದಲಾಯಿತೆಂದರೆ ರಂಧ್ರದ ಹಿಂದೆ ಕಣ್ಣು ನಿಲ್ಲುವ ಜಾಗ ಬದಲಾಯಿತು. ನಳಿಕೆಗೆ ತೂಕ ಸೇರಿಸಿದರೂ, ರೈಫಲ್ಲನ್ನು ತುಸು ವಾಲಿಸಿ ಹಿಡಿಯುವ ಅಭ್ಯಾಸ ಬದಲಾದರೂ ಝೀರೋ ಕದಲುತ್ತದೆ. ಆದ್ದರಿಂದ ಮೈಗೆ ತಾಗುವುದನ್ನೆಲ್ಲ ಮೊದಲು ಹೊಂದಿಸಿಕೊಂಡು, ಸೈಟನ್ನು ಕೊನೆಗೆ ಮುಟ್ಟುವುದೇ ಸರಿಯಾದ ಕ್ರಮ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯಿಂದ ತೆಂಗಿನಕಾಯಿ ಹೊಡೆಯುವವರ ಜಾಣ್ಮೆ ಬೇರೆಯದು. ನಳಿಕೆಯ ತುದಿಯಲ್ಲೊಂದು ಮಣಿ ಮಾತ್ರವಿರುವ ಕೋವಿಯಲ್ಲಿ ತಿರುಗಿಸಲು ತಿರುಪೇ ಇಲ್ಲ. ಅದರ ಓರೆಯನ್ನು ಕೈಯೇ ಅರಿತುಕೊಳ್ಳಬೇಕು.

ಒಂದೇ ಹೊಡೆತವನ್ನು ನಂಬಬೇಕಾದ ಸಂದರ್ಭವೂ ಬರುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್ಲಿಗೆ ಮುನ್ನ ಅಭಿನವ್ ಬಿಂದ್ರಾ ಅವರ ಅಭ್ಯಾಸದ ಪೆಲೆಟ್ ನಾಲ್ಕರ ವಲಯಕ್ಕೆ ಬಿತ್ತು. ತಮ್ಮ ಸೈಟನ್ನು ಯಾರೋ ಕದಲಿಸಿದ್ದರು ಎಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅರ್ಹತಾ ಸುತ್ತಿನಲ್ಲಿ 600ಕ್ಕೆ 596 ಗಳಿಸಿದ ಕೈಯಿಂದ ನಾಲ್ಕು ಬೀಳುವುದಿಲ್ಲ; ತಪ್ಪು ಕೈಯದಲ್ಲ, ಸೈಟಿನದು ಎಂದು ಕೆಲವೇ ನಿಮಿಷಗಳಲ್ಲಿ ತೀರ್ಮಾನಿಸಿ ಮತ್ತೆ ಝೀರೋ ಮಾಡಿಕೊಳ್ಳಬೇಕಿತ್ತು. ಮಾಡಿಕೊಂಡರು. ಫೈನಲ್ಲಿನ ಅವರ ಮೊದಲ ಹೊಡೆತ 10.7, ಕೊನೆಯದು 10.8, ಭಾರತಕ್ಕೆ ಒಲಿಂಪಿಕ್ಸಿನ ಮೊದಲ ವೈಯಕ್ತಿಕ ಚಿನ್ನ ಬಂದದ್ದು ಹೀಗೆ.