ಮೊಳಕೆ ರಾಗಿ: ಮಗುವಿನ ಬಟ್ಟಲಿನ ಮಾಲ್ಟ್

ವಿಶಾಖಪಟ್ಟಣದ ಕಡಲತೀರದ ರಸ್ತೆಯಲ್ಲಾಗಲಿ, ವಿಜಯವಾಡದ ಬೀದಿಗಳಲ್ಲಾಗಲಿ ಬೇಸಗೆಯಲ್ಲಿ ರಾಗಿಯ ಅಂಬಲಿಯನ್ನು ಕಂಡ ಕನ್ನಡಿಗನಿಗೆ ತವರಿನ ನೆನಪಾಗುವುದು ಸಹಜ. ನಮ್ಮ ರಾಗಿಯೇ ಉತ್ತರಾಂಧ್ರದವರ ಚೋಡಿ. 2023ರ ಮಾರ್ಚಿಯಲ್ಲಿ ಆಂಧ್ರ ಸರ್ಕಾರವು ಶಾಲಾಮಕ್ಕಳ ಆಹಾರಕ್ಕೆ ರಾಗಿ ಜಾವವನ್ನು ಸೇರಿಸಿತು. ಇದೇ ರಾಗಿಯನ್ನು ಮೊಳಕೆ ಬರಿಸಿದರೆ ಅದು ಮಾಲ್ಟ್ ಆಗುತ್ತದೆ. ಮಾಲ್ಟ್ ಎಂದೊಡನೆ ಬಿಯರನ್ನು ನೆನೆದು ಹಿಂಜರಿಯುವವರಿದ್ದಾರೆ. ಎರಡಕ್ಕೂ ಮೂಲಕ್ರಿಯೆ ಒಂದೇ ಎಂಬುದೇನೋ ನಿಜ.

ಮೊಳಕೆಯ ಮರ್ಮ

ಕಾಳು ಮೊಳೆಯುವಾಗ ಅಮೈಲೇಸ್ ಎಂಬ ಕಿಣ್ವಗಳು ಕಾರ್ಯಪ್ರವೃತ್ತವಾಗಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಹದವರಿತು ಒಣಗಿಸಿದರೆ ಮೊಳಕೆ ನಿಲ್ಲುತ್ತದೆ, ಕಿಣ್ವ ಉಳಿಯುತ್ತದೆ. ಬಿಯರ್ ತಯಾರಕರು ಬಾರ್ಲಿಯ ಮಾಲ್ಟನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿಟ್ಟು ಸಿಹಿರಸ ತೆಗೆದು, ಹಾಪ್ಸ್ ಹೂವಿನೊಡನೆ ಕುದಿಸಿ ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಸಕ್ಕರೆಯನ್ನು ಮದ್ಯಸಾರವಾಗಿಸುವುದು ಈ ಯೀಸ್ಟ್. ಅದನ್ನು ಸೇರಿಸದೆ ಆಗಲೇ ಕುದಿಸಿ ಕುಡಿಯುವ ಗಂಜಿಯಲ್ಲಿ ಅಮಲಿನ ಮಾತೇ ಇಲ್ಲ.

ಶಿಶುವಿಗೆ ಏಕೆ?

ಆರು ತಿಂಗಳು ತುಂಬಿದ ಮಗುವಿಗೆ ತಾಯಿಹಾಲಿನ ಜೊತೆಗೆ ಬೇರೆ ಆಹಾರವೂ ಬೇಕು. ಸಾದಾ ಹಿಟ್ಟಿನ ಸರಿ ಬೇಗ ಗಟ್ಟಿಯಾಗುತ್ತದೆ. ನುಂಗಲು ಸುಲಭವಾಗಲೆಂದು ನೀರು ಬೆರೆಸಿದರೆ ಪುಟ್ಟ ಹೊಟ್ಟೆಯನ್ನು ನೀರೇ ತುಂಬುತ್ತದೆ, ಮಗು ಬಡವಾಗುತ್ತದೆ. ಮಾಲ್ಟಿನ ಗಂಜಿಯಾದರೋ ಹೆಚ್ಚು ಹಿಟ್ಟು ಹಾಕಿದರೂ ತೆಳುವಾಗಿರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ಮೊಳಕೆ ರಾಗಿ ಹಾಗೂ ಹೆಸರುಕಾಳಿನಿಂದ ಶಿಶು ಆಹಾರವನ್ನು ರೂಪಿಸಿದ್ದು ಈ ಗುಣವನ್ನು ನೆಚ್ಚಿಯೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಮೊಳಕೆಯಿಂದ ಫೈಟೇಟ್ ತಗ್ಗಿ ಕಬ್ಬಿಣಾಂಶವೂ ಚೆನ್ನಾಗಿ ದೇಹಗತವಾಗುತ್ತದೆ.

ತಯಾರಿಸುವ ಕ್ರಮ

ರಾಗಿಯನ್ನು ತೊಳೆದು 12 ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಮೊಳೆಯಿಸಿರಿ. ಕರಾವಳಿಯ ಸೆಕೆಯಲ್ಲಿ ಬೂಷ್ಟು ಬೇಗ ಹಿಡಿಯುವುದರಿಂದ ದಿನಕ್ಕೆರಡು ಬಾರಿ ನೀರಿನಲ್ಲಿ ಜಾಲಿಸಬೇಕು. ಬೂಷ್ಟು ಹಿಡಿದ ಅಥವಾ ಮುಗ್ಗುಲು ವಾಸನೆಯ ಕಾಳನ್ನು ಎಸೆಯಿರಿ. ಹುರಿದ ಮಾತ್ರಕ್ಕೆ ಅದರ ವಿಷ ಹೋಗದು. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಬೇರನ್ನು ಉಜ್ಜಿ ತೆಗೆದು, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಬೀಸಿಕೊಳ್ಳಿ. ಕೆಂಪಗೆ ಹುರಿದರೆ ಕಿಣ್ವ ನಾಶವಾಗುತ್ತದೆ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ನಿಧಾನವಾಗಿ ಕಾಯಿಸಿ, ಕೊನೆಗೆ ಚೆನ್ನಾಗಿ ಕುದಿಸಲೇಬೇಕು. ಎರಡು ವರ್ಷದೊಳಗಿನ ಮಗುವಿಗೆ ಬೆಲ್ಲ, ಸಕ್ಕರೆ ಬೇಡ. ಮಾಲ್ಟಿನ ಸಹಜ ಸಿಹಿಯೇ ಸಾಕು.

ಹಿರಿಯರ ಗಮನಕ್ಕೆ

ರಾಗಿ ಎಂದ ಮಾತ್ರಕ್ಕೆ ಮಧುಮೇಹಿಗಳು ಮಾಲ್ಟನ್ನು ಲೋಟಗಟ್ಟಲೆ ಕುಡಿಯುವುದು ತರವಲ್ಲ. ಪಿಷ್ಟವು ಆಗಲೇ ಒಡೆದಿರುವುದರಿಂದ ರಕ್ತದ ಸಕ್ಕರೆ ಬೇಗ ಏರುತ್ತದೆ. ಅಂಥವರು ವೈದ್ಯರನ್ನು ಕೇಳಿಯೇ ಸೇವಿಸುವುದು ಕ್ಷೇಮ.