ಹಿಂತೆಗೆಯುವ ವಿದ್ಯೆ

ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮನೂ ಅರ್ಜುನನೂ ಎದುರುಬದುರಾಗಿ ಮಹಾಸ್ತ್ರಗಳನ್ನು ಪ್ರಯೋಗಿಸುತ್ತಾರೆ. ಋಷಿಗಳ ಮಾತಿಗೆ ಮಣಿದು ಅರ್ಜುನನು ತನ್ನದನ್ನು ಹಿಂತೆಗೆದುಕೊಂಡನು. ಅಶ್ವತ್ಥಾಮನಿಗೆ ಅದು ಸಾಧ್ಯವಾಗಲಿಲ್ಲ. ಪ್ರಯೋಗದ ವಿದ್ಯೆ ಬೇರೆ, ಉಪಸಂಹಾರದ ವಿದ್ಯೆ ಬೇರೆ. ಈ ಮಾತು ಇಂದಿನ ಗಣಕಯಂತ್ರದ ಒಡಲಿನಲ್ಲಿಯೂ ನಿಜವಾಗಿದೆ.

ಗಣಕಯಂತ್ರವನ್ನು ಆಳುವ ಮೂಲ ಕ್ರಮವಿಧಿಗೆ ಕರ್ನೆಲ್ ಎಂದು ಹೆಸರು, ತಿರುಳು ಎಂದರ್ಥ. ಯಂತ್ರದ ಸ್ಮೃತಿಯನ್ನು, ಎಂದರೆ ಮೆಮೊರಿಯನ್ನು, ಬೇಡಿದವರಿಗೆ ಹಂಚುವುದೂ ಮರಳಿ ಪಡೆಯುವುದೂ ಅದರ ಹೊಣೆ. ಸಾಮಾನ್ಯ ಕ್ರಮವಿಧಿಯೊಂದು ನಡುದಾರಿಯಲ್ಲಿ ಸತ್ತರೆ ಅದರ ಸ್ಮೃತಿಯನ್ನು ಕರ್ನೆಲ್ ಮರಳಿ ಪಡೆಯುತ್ತದೆ. ಕರ್ನೆಲ್ಲೇ ಎಡವಿದರೆ ಎತ್ತುವವರಿಲ್ಲ. ಅದು ಮರೆತುಬಿಟ್ಟ ಸ್ಮೃತಿ, ಯಂತ್ರವನ್ನು ನಿಲ್ಲಿಸಿ ಮತ್ತೆ ನಡೆಸುವವರೆಗೆ ಯಾರಿಗೂ ದಕ್ಕದು. ಒಮ್ಮೆ ಮರಳಿಸಿದ್ದನ್ನು ಇನ್ನೊಮ್ಮೆ ಮರಳಿಸಿದರಂತೂ ಇಡೀ ಯಂತ್ರವೇ ಕುಸಿಯಬಹುದು. ಕಳ್ಳನಿಗೆ ಕಂಡಿಯೂ ಆಗಬಹುದು.

1991ರಲ್ಲಿ ಫಿನ್‌ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್ಲನ್ನೇ ನೋಡೋಣ. ಅಲ್ಲಿ ಹೊಸ ಕೆಲಸವೊಂದು ಹುಟ್ಟುವುದು ಹಳೆಯದರ ಪ್ರತಿಯಾಗಿ. ಹಳೆಯದನ್ನು ತಾಯಿ, ಹೊಸದನ್ನು ಮಗು ಎನ್ನೋಣ. ಮಗುವಿಗಾಗಿ ಮೊದಲು ಒಂದು ಲೆಕ್ಕದ ಹಾಳೆ, ಬಳಿಕ ವಿಳಾಸಗಳ ಕೋಷ್ಟಕ, ಅದರ ಬಳಿಕ ತಾಯಿಯ ಒಂದೊಂದು ಸ್ಮೃತಿವಿಭಾಗದ ದಾಖಲೆ, ಹೀಗೆ ಸಿದ್ಧತೆ ಸಾಗುತ್ತದೆ. ಯಾವ ಹಂತದಲ್ಲಾದರೂ ಸ್ಮೃತಿ ಸಾಲದೆ ಹೋಗಬಹುದು. ಆಗ ಚಪ್ಪರ ಬಿಚ್ಚುವವರ ಕ್ರಮವೇ ಕ್ರಮ: ಕಡೆಗೆ ಹೊದಿಸಿದ ಸೋಗೆಯನ್ನು ಮೊದಲು ತೆಗೆದು, ಮೊದಲು ನೆಟ್ಟ ಕಂಬವನ್ನು ಕಡೆಗೆ ಕೀಳಬೇಕು. ಕೆಲಸ ನಿಂತ ಮೆಟ್ಟಿಲಿಗೆ ನೇರವಾಗಿ ಹಾರಿ ಅಲ್ಲಿಂದ ಒಂದೊಂದಾಗಿ ಇಳಿಯಲು ಲಿನಕ್ಸ್ ಬರೆಯುವವರು ‘ಗೋ ಟು’ ಎಂಬ ಆಜ್ಞೆಯನ್ನು ಬಳಸುತ್ತಾರೆ. 1968ರಲ್ಲಿ ಡಚ್ ವಿದ್ವಾಂಸ ಡೈಕ್‌ಸ್ಟ್ರಾ ಅವರ ಖಂಡನೆಗೆ ಗುರಿಯಾದ ಆಜ್ಞೆ ಇಲ್ಲಿ ಹೀಗೆ ಸಾರ್ಥಕವಾಯಿತು.

ಆದರೆ ಕ್ರಮವೊಂದೇ ಸಾಲದು. ಎಲ್ಲಿಯವರೆಗೆ ಕಟ್ಟಿದ್ದೇವೆಂಬುದೂ ತಿಳಿದಿರಬೇಕು. 2024ರಲ್ಲಿ ಹೊರಬಂದ 6.8ನೆಯ ಆವೃತ್ತಿಯಲ್ಲಿ, ಕಾಲ ಉಳಿಸಲೆಂದು, ತಾಯಿಯ ವಿಭಾಗಗಳ ಪಟ್ಟಿಯನ್ನು ಮೊದಲು ಇಡಿಯಾಗಿ ನಕಲು ಮಾಡಿ, ಅನಂತರ ಒಂದೊಂದು ನಮೂದನ್ನೂ ಮಗುವಿನದಾಗಿ ಬದಲಿಸುವ ವಿಧಾನ ಬಂದಿತು. ನಡುವೆ ಸ್ಮೃತಿ ಮುಗಿಯಿತೆನ್ನಿ. ಪಟ್ಟಿಯ ಮೊದಲ ಭಾಗ ಮಗುವಿನದು. ಉಳಿದುದು ಇನ್ನೂ ತಾಯಿಯದು! ಎಲ್ಲವನ್ನೂ ಗುಡಿಸಿಹಾಕಿದರೆ ಬದುಕಿರುವ ತಾಯಿಯ ಸೊತ್ತೇ ಹಾಳಾಗುತ್ತದೆ. ಅದಕ್ಕಾಗಿ, ಕೆಲಸ ನಿಂತ ಸ್ಥಳದಲ್ಲಿ ಒಂದು ಗುರುತನ್ನಿರಿಸಿ, ಶುಚಿಗೊಳಿಸುವ ವಿಧಿಯು ಅಲ್ಲಿಗೆ ನಿಲ್ಲುವಂತೆ ಮಾಡಿದರು.

ಅಲ್ಲಿಯೂ ಒಂದು ತೊಡಕು ಉಳಿಯಿತು. ಪಟ್ಟಿಯ ಬೀಗ ತೆಗೆದ ಗಳಿಗೆಗೂ ಶುಚಿಗೊಳಿಸುವ ಗಳಿಗೆಗೂ ನಡುವೆ ಬೇರೊಂದು ಕೆಲಸವು ಒಳಗಿಣುಕಿ, ಆ ಗುರುತನ್ನೇ ನಿಜವಾದ ವಿಭಾಗವೆಂದು ಭ್ರಮಿಸಬಹುದು. ಆದುದರಿಂದ ಅರೆಬರೆಯಾದುದನ್ನು ಬೀಗ ತೆಗೆಯುವ ಮೊದಲೇ ಬಿಚ್ಚಿಬಿಡುವುದು ಕ್ಷೇಮ.

ಯಾವ ಯಂತ್ರದ ಸ್ಮೃತಿಯೂ ಅಕ್ಷಯಪಾತ್ರೆಯಲ್ಲ. ಒಮ್ಮೊಮ್ಮೆ ಸೋಲು ಬಂದೇ ಬರುತ್ತದೆ. ಆಗ ತನ್ನದೆಷ್ಟು, ಪರರದೆಷ್ಟು ಎಂಬುದನ್ನರಿತು, ತನ್ನದನ್ನಷ್ಟೇ ಹಿಂತೆಗೆದುಕೊಳ್ಳಬಲ್ಲ ಕ್ರಮವಿಧಿಯೇ ನಂಬಿಕೆಗೆ ಅರ್ಹವಾದುದು.