ಮಂಗನ ಕಾಯಿಲೆಯ ಮಾರ್ಗ

ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲ ಹಳ್ಳಿಗರು ತೀವ್ರ ಜ್ವರದಿಂದ ನರಳಿದಾಗ, ಅದಕ್ಕೆ ಕಾರಣವಾದ ವೈರಾಣುವನ್ನು ಪುಣೆಯ ವಿಜ್ಞಾನಿಗಳು ಪತ್ತೆಹಚ್ಚಿದರು.

ವೈರಾಣು ಬ್ಯಾಕ್ಟೀರಿಯಾದಂತಲ್ಲ. ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಆಹಾರವೂ ತೇವವೂ ದೊರೆತೊಡನೆ ತಾವಾಗಿಯೇ ಇಬ್ಭಾಗವಾಗಿ ವೃದ್ಧಿಹೊಂದಬಲ್ಲವು. ವೈರಾಣುವಾದರೋ ಜೀವಕೋಶವನ್ನು ಹೊಕ್ಕು, ಅದರ ಸಾಮಗ್ರಿಯಿಂದಲೇ ತನ್ನ ಪ್ರತಿರೂಪಗಳನ್ನು ನಿರ್ಮಿಸಿಕೊಳ್ಳುವುದು. ಆದಕಾರಣ ಬ್ಯಾಕ್ಟೀರಿಯಾನಾಶಕ ಔಷಧಗಳು ಅದರ ಮೇಲೆ ಪರಿಣಾಮ ಬೀರಲಾರವು.

ಮಂಗನ ಕಾಯಿಲೆಯ ವೈರಾಣು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಸೋಂಕಿದ ಪ್ರಾಣಿಯ ರಕ್ತ ಹೀರಿ ಬೆಳೆದ, ಎಳ್ಳಿಗಿಂತ ಕಿರಿದಾದ ಮರಿ ಉಣುಗಿನ ಕಡಿತದಿಂದ, ತರಗೆಲೆಗೋ ಸೌದೆಗೋ ಕಾಡು ಹೊಕ್ಕವರ ದೇಹವನ್ನು ಸೇರುವುದು. ಚಳಿಗಾಲದಿಂದ ಬೇಸಗೆಯವರೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಿ, ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕದ್ದು.